ಕರಾವಳಿಯ ಮಳೆ, ಉಪ್ಪುಗಾಳಿಗೆ ಹ್ಯಾಂಡಲ್ ತಿರುಗಿಸುವ ಕಿಟಕಿ ಒಳ್ಳೆಯದಾ, ಪವರ್ ವಿಂಡೋ ಒಳ್ಳೆಯದಾ?

ಕಾಪುವಿನಲ್ಲಿ ಮನೆ, ದಿನಾ ಮಂಗಳೂರಿಗೆ ಒಬ್ಬರೇ ಓಡಾಟ, ಸೆಕೆಂಡ್ ಹ್ಯಾಂಡ್ ಆಲ್ಟೋ ಎರಡು ನೋಡಿಟ್ಟಿದ್ದೀರಿ. ಒಂದರಲ್ಲಿ ನಾಲ್ಕೂ ಬಾಗಿಲಿಗೆ ಹ್ಯಾಂಡಲ್, ಇನ್ನೊಂದರಲ್ಲಿ ಮುಂದಿನ ಎರಡಕ್ಕೆ ಪವರ್ ವಿಂಡೋ. ಉಪ್ಪುಗಾಳಿಗೆ ಮೋಟಾರು ಬೇಗ ಹೋಗುತ್ತದೆಂದು ಯಾರೋ ಹೆದರಿಸಿದ್ದಾರೆ, ಹಾಗಾಗಿ ಹ್ಯಾಂಡಲ್‌ನದ್ದೇ ವಾಸಿಯಾ ಎಂದು ಕೇಳಿದ್ದೀರಿ.

ಪವರ್ ವಿಂಡೋ ಇರುವುದನ್ನೇ ತೆಗೆದುಕೊಳ್ಳಿ. ನನ್ನ ಮನೆ ಮಲ್ಪೆಯಲ್ಲಿ, ರಾತ್ರಿ ಕಡಲಿನ ಸದ್ದು ಕೇಳುವಷ್ಟು ಹತ್ತಿರ. 11 ವರ್ಷ ಹ್ಯಾಂಡಲ್ ತಿರುಗಿಸುವ ಮಾರುತಿ 800 ಇಟ್ಟುಕೊಂಡಿದ್ದೆ. ಈಗಿನದ್ದು ಪವರ್ ವಿಂಡೋದ ಕಾರು, ಇದಕ್ಕೆ 9 ವರ್ಷ ಆಯಿತು. ಎರಡೂ ತಿಂದದ್ದು ಒಂದೇ ಉಪ್ಪುಗಾಳಿ.

ನೀವು ಒಬ್ಬರೇ ಓಡಾಡುವವರು, ಅದೇ ಇಲ್ಲಿ ದೊಡ್ಡ ವಿಷಯ. ಮೇ ಕೊನೆಯ ಪತ್ತನಾಜೆ (ಮಳೆಗಾಲದ ಹೊಸ್ತಿಲಿನ ತುಳುನಾಡ ದಿನ) ಕಳೆದ ಮೇಲೆ ನಮ್ಮ ಮಳೆ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಮೂಲ್ಕಿ ಸೇತುವೆಯಲ್ಲಿ ಬಿಸಿಲು, ಪಡುಬಿದ್ರಿ ತಲುಪುವಾಗ ಮುಂದಿನ ಲಾರಿ ಕಾಣದಷ್ಟು ಮಳೆ. ಎಡಬದಿಯ ಗ್ಲಾಸ್ ಅರ್ಧ ಇಳಿದಿದ್ದರೆ ಡ್ರೈವರ್ ಸೀಟಿನಿಂದ ಆ ಹ್ಯಾಂಡಲ್ ಕೈಗೆ ಸಿಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ನಿಲ್ಲಿಸಿ, ಬೆಲ್ಟ್ ಬಿಚ್ಚಿ, ಅಡ್ಡ ಬಾಗಿ ತಿರುಗಿಸಬೇಕು. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಬರುತ್ತಿರುವಾಗ ಆ ಅಂಚಿನಲ್ಲಿ ನಿಲ್ಲುವುದೇ ಅಪಾಯ. ಓಡಿಸುತ್ತಲೇ ಬಾಗಿ ತಿರುಗಿಸಲು ನೋಡುವವರೂ ಇದ್ದಾರೆ, ದಯವಿಟ್ಟು ಅದು ಬೇಡ. ಸ್ವಿಚ್ ಆದರೆ ಕಣ್ಣು ರಸ್ತೆಯಲ್ಲೇ ಇರುತ್ತದೆ. ಹಿಂದಿನ ಬಾಗಿಲಿಗೆ ಹ್ಯಾಂಡಲ್ ಇದ್ದರೆ ಇರಲಿ, ನಿಮಗೆ ಅದರಿಂದ ತೊಂದರೆ ಇಲ್ಲ.

ಇನ್ನು ಹಾಳಾಗುವ ಮಾತು. ಹ್ಯಾಂಡಲ್ ಕಿಟಕಿ ಹಾಳಾಗುವುದೇ ಇಲ್ಲ ಎಂಬ ನಂಬಿಕೆ ನನಗೂ ಇತ್ತು. 800ರಲ್ಲಿ ಮೊದಲು ಹ್ಯಾಂಡಲ್‌ನ ಒಳಹಲ್ಲು ಸವೆದು ಬರೀ ಹಿಡಿ ತಿರುಗತೊಡಗಿತು. ಅದು ಸಣ್ಣ ರಿಪೇರಿ. ಆದರೆ ಒಂದು ಜೂನ್‌ನಲ್ಲಿ ಗ್ಲಾಸೇ ದಡಕ್ಕನೆ ಬಾಗಿಲಿನ ಹೊಟ್ಟೆಯೊಳಗೆ ಬಿದ್ದುಹೋಯಿತು. ಪ್ಲಾಸ್ಟಿಕ್ ಶೀಟು ಕಟ್ಟಿಕೊಂಡು ಉಡುಪಿಗೆ ಬಂದೆ. ಗ್ಯಾರೇಜಿನಲ್ಲಿ ಡೋರ್ ಪ್ಯಾಡ್ ಬಿಚ್ಚಿದಾಗ ಕಂಡದ್ದು: ಗ್ಲಾಸಿನ ಬುಡವನ್ನು ಹಿಡಿದಿಡುವ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಪುಡಿಯಾಗಿತ್ತು. ಕಾರಣ, ಬಾಗಿಲಿನ ಅಡಿಯ ನೀರು ಹೋಗುವ ತೂತು ಮಣ್ಣಿನಿಂದ ಮುಚ್ಚಿತ್ತು. ಗ್ಲಾಸಿನ ಮೇಲೆ ಬಿದ್ದ ಮಳೆನೀರು ಒಂದಿಷ್ಟು ಬಾಗಿಲಿನೊಳಗೆ ಇಳಿಯುವುದು ಸಹಜ, ಅದು ಅಡಿಯ ತೂತಿನಿಂದ ಹೊರಗೆ ಹೋಗಬೇಕು. ಹೋಗದಿದ್ದರೆ ಒಳಗೇ ನಿಂತು ಕೊಳೆಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಕಡೆ ಹ್ಯಾಂಡಲ್ ಆಗಲಿ ಮೋಟಾರ್ ಆಗಲಿ, ಕಿಟಕಿಯ ಆಯುಷ್ಯ ಆ ತೂತಿನಲ್ಲಿ ಉಂಟು.

ಈಗಿನ ಕಾರಿನಲ್ಲಿ ಐದನೇ ವರ್ಷ ಬಲಬದಿಯ ಗ್ಲಾಸ್ ತೆವಳುತ್ತಾ ಏರತೊಡಗಿತು. ಒಂದು ಕಡೆ ತೋರಿಸಿದೆ, ಮೋಟಾರ್ ಹೋಗಿದೆ, ಪೂರಾ ಸೆಟ್ ಬದಲಿಸಬೇಕು ಎಂದರು. ಮನಸ್ಸು ಒಪ್ಪದೆ ಒಬ್ಬ ಹಳೆಯ ಇಲೆಕ್ಟ್ರೀಷಿಯನ್ ಹತ್ತಿರ ಹೋದೆ. ಅವರು ಮೋಟಾರನ್ನು ಮುಟ್ಟಲೇ ಇಲ್ಲ. ಗ್ಲಾಸ್ ಜಾರುವ ರಬ್ಬರ್ ಚಾನೆಲ್ಲಿನಿಂದ ಹೊಯಿಗೆ (ಮರಳು) ತೆಗೆದು, ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದರು. ಗ್ಲಾಸ್ ಮೊದಲಿನ ಹಾಗೆ ಏರಿತು. ಕೈಯಲ್ಲಿ ತಿರುಗಿಸುವಾಗ ಬಿಗಿಯಾದದ್ದು ಕೈಗೇ ಗೊತ್ತಾಗುತ್ತದೆ, ಸ್ವಿಚ್ ಒತ್ತುವಾಗ ಆ ಭಾರವನ್ನೆಲ್ಲ ಮೋಟಾರ್ ಸುಮ್ಮನೆ ಹೊರುತ್ತದೆ. ಪವರ್ ವಿಂಡೋದ ನಿಜವಾದ ಕೊರತೆ ಇದು. ಅದಕ್ಕೇ ಗ್ಲಾಸ್ ನಿಧಾನವಾದ ದಿನವೇ ಚಾನೆಲ್ ನೋಡಬೇಕು. ತೆಂಗಿನೆಣ್ಣೆ, ಇಂಜಿನ್ ಆಯಿಲ್ ಹಚ್ಚಬೇಡಿ. ಧೂಳು ಹಿಡಿಯುತ್ತದೆ, ಇಂಜಿನ್ ಆಯಿಲಿಗೆ ರಬ್ಬರೂ ಉಬ್ಬುತ್ತದೆ.

ಉಪ್ಪುಗಾಳಿ ಮೋಟಾರಿಗಿಂತ ಮೊದಲು ಹಿಡಿಯುವುದು ಸ್ವಿಚ್ಚನ್ನು. ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ. ಸ್ವಿಚ್ ಒತ್ತಿದಾಗ ಗ್ಲಾಸ್ ಅಲುಗದೆ, ಕಾರಿನೊಳಗಿನ ಲೈಟು ಸ್ವಲ್ಪ ಮಂಕಾದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಗ್ಲಾಸ್ ಎಲ್ಲೋ ಸಿಕ್ಕಿಕೊಂಡಿರಬಹುದು, ಇಲ್ಲವೇ ಮೋಟಾರೇ ಬಿಗಿದಿರಬಹುದು. ಲೈಟು ಅಲುಗದೆ, ಸದ್ದೂ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ಸ್ವಿಚ್, ಆಮೇಲೆ ಬಾಗಿಲಿನ ಕೀಲಿನ ಹತ್ತಿರ ರಬ್ಬರ್ ಕೊಳವೆಯಲ್ಲಿ ಹೋಗುವ ವಯರು ನೋಡಿಸಿ. ಬಾಗಿಲು ತೆಗೆದು ಹಾಕಿ ಅದು ಒಳಗೇ ತುಂಡಾಗುವುದುಂಟು. ಮೋಟಾರ್ ಸದ್ದು ಮಾಡಿದರೂ ಗ್ಲಾಸ್ ಏಳದಿದ್ದರೆ ಗ್ಯಾರೇಜಿನವರು ಮೆಷಿನ್ ಎನ್ನುವ ಎತ್ತುವ ಸಲಕರಣೆ ಹೋಗಿದೆ. ಇಷ್ಟು ತಿಳಿದುಕೊಂಡು ಹೋದರೆ ಬೇಡದ ಬಿಲ್ ಯಾರೂ ಹಾಕಲಾರರು.

ನೆರೆನೀರಿನಲ್ಲಿ ಸಿಕ್ಕಿದರೆ ಏನು ಮಾಡುವುದು ಎಂಬ ಹೆದರಿಕೆ ಹಲವರಿಗೆ ಉಂಟು. ಮೊದಲ ಕೆಲವು ಕ್ಷಣ ಪವರ್ ವಿಂಡೋ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಆಗಲೇ ಇಳಿಸಬೇಕು. ನೀರು ಹೊರಗಿನಿಂದ ಗ್ಲಾಸನ್ನು ಒತ್ತತೊಡಗಿದ ಮೇಲೆ ಹ್ಯಾಂಡಲ್ ತಿರುಗಿಸುವುದೂ ಕಷ್ಟವೇ. ಗ್ಲಾಸ್ ಒಡೆಯುವ ಚೂಪು ಸುತ್ತಿಗೆಯೊಂದು ಕೈಗೆ ಸಿಗುವಲ್ಲಿರಲಿ. ಹೊಡೆಯಬೇಕಾದದ್ದು ಪಕ್ಕದ ಗ್ಲಾಸಿಗೆ. ಎದುರಿನದ್ದು ಎರಡು ಪದರದ್ದು, ಒಡೆದರೂ ಬಿಡಿಸಿಕೊಳ್ಳುವುದಿಲ್ಲ.

ಮಕ್ಕಳಿದ್ದರೆ ಇನ್ನೊಂದು ಎಚ್ಚರ. ಬೆರಳು ಸಿಕ್ಕಿದಾಗ ತಾನಾಗಿ ಕೆಳಗಿಳಿಯುವ ವ್ಯವಸ್ಥೆ ಎಲ್ಲಾ ಕಾರಿನಲ್ಲೂ ಇರುವುದಿಲ್ಲ. ಹಾಲಿನ ಪ್ಯಾಕೆಟ್ ತರಲು ಒಂದು ನಿಮಿಷ ಇಳಿದರೂ ಕೀ ನಿಮ್ಮ ಕೈಯಲ್ಲೇ ಇರಲಿ.

ಕಾರು ನೋಡಲು ಹೋಗುವಾಗ ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ. ಗ್ಲಾಸನ್ನು ಮೂರು ನಾಲ್ಕು ಸಲ ಏರಿಸಿ ಇಳಿಸಿ, ಎಡ ಬಲ ಒಂದೇ ವೇಗದಲ್ಲಿ ಏರುತ್ತದಾ ನೋಡಿ. ಆಮೇಲೆ ಏರಿಸಿದ ಗ್ಲಾಸಿನ ಮೇಲೆ ನಿಧಾನವಾಗಿ ನೀರು ಸುರಿದು ಬಾಗಿಲಿನ ಅಡಿಗೆ ಬಗ್ಗಿ ನೋಡಿ. ನೀರು ಹೊರಗೆ ಬರದಿದ್ದರೆ ಹಿಡಿಸೂಡಿಯ ಕಡ್ಡಿಯಿಂದ ತೂತನ್ನು ಮೆಲ್ಲನೆ ಚುಚ್ಚಿ. ಕೆಂಪು ತುಕ್ಕುನೀರು ಇಳಿದರೆ ಡೋರ್ ಪ್ಯಾಡ್ ಬಿಚ್ಚಿಸಿ ಒಳಗೆ ನೋಡುವ ತನಕ ಮುಂಗಡ ಕೊಡಬೇಡಿ.