ಓದುಗರ ಪ್ರಶ್ನೆಗೆ ಉತ್ತರ: ಜಪಾನಿನ ಊಟ ಮತ್ತು ಮನೆಯ ರೀತಿ

ಪ್ರಶ್ನೆ: ನಮ್ಮ ಮಗ ಟೋಕಿಯೊದ ನಿಶಿ-ಕಸಾಯ್ ಬಡಾವಣೆಯಲ್ಲಿ ಸಂಸಾರ ಹೂಡಿದ್ದಾನೆ. ಏಪ್ರಿಲ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿ, ಕ್ಯೋಟೊ ಕಡೆಗೂ ಒಂದು ಸುತ್ತು ಹಾಕಿ ಬರಬೇಕೆಂದಿದ್ದೇವೆ. ನಾವು ಮೊಟ್ಟೆಯನ್ನೂ ಮುಟ್ಟದವರು. ಅಲ್ಲಿ ತರಕಾರಿ ಸಾರಿನಲ್ಲೂ ಮೀನು ಇರುತ್ತದೆಂದು ನೆಂಟರೊಬ್ಬರು ಹೆದರಿಸಿದ್ದಾರೆ. ನಿಜವೇ? ಮಂಡಕ್ಕಿ, ಅವಲಕ್ಕಿ, ಚಟ್ನಿಪುಡಿಗಳನ್ನೆಲ್ಲ ಇಲ್ಲಿಂದಲೇ ಹೊತ್ತೊಯ್ಯಬೇಕೇ?
– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ನೆಂಟರು ಹೇಳಿದ್ದು ನಿಜ, ಆದರೆ ಪ್ರವಾಸವನ್ನೇ ಕೈಬಿಡುವಷ್ಟು ದೊಡ್ಡ ತೊಡಕೇನಲ್ಲ. ಜಪಾನಿನ ಅಡುಗೆಗೆ ‘ದಾಶಿ’ ಎಂಬ ತಿಳಿಸಾರೇ ಬುನಾದಿ. ಕೊಂಬು ಎಂಬ ಒಣ ಕಡಲಸೊಪ್ಪನ್ನು ನೀರಿನಲ್ಲಿ ಕಾಯಿಸಿ, ಬೇಯಿಸಿ ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿಯಾಗಿಸಿದ ಕಾತ್ಸುವೊ ಮೀನನ್ನು ತೆಳ್ಳಗೆ ಹೆರೆದು ಅದರಲ್ಲಿ ಹಾಕಿ, ಸ್ವಲ್ಪ ಹೊತ್ತಿನಲ್ಲೇ ಸೋಸಿಬಿಡುತ್ತಾರೆ. ಸೋಸಿದ ಮೇಲೆ ಕಣ್ಣಿಗೆ ಮೀನು ಕಾಣುವುದಿಲ್ಲ. ಹುದುಗಿಸಿದ ಸೋಯಾ ಹಿಟ್ಟಿನ ಮಿಸೋ ಸಾರು, ಉಡೋನ್ ಮತ್ತು ಸೋಬಾ ನೂಡಲ್ಸಿನ ರಸ, ಟೆಂಪುರಾ ಎಂಬ ತರಕಾರಿ ಬಜ್ಜಿ ಅದ್ದಿಕೊಳ್ಳುವ ದ್ರವ, ಬೇಯಿಸಿದ ಸೊಪ್ಪು, ಎಲ್ಲದರಲ್ಲೂ ಸಾಮಾನ್ಯವಾಗಿ ಈ ದಾಶಿ ಇರುತ್ತದೆ. ‘ಇದರಲ್ಲಿ ಮಾಂಸವಿದೆಯೇ?’ ಎಂದು ಕೇಳಿದರೆ ಬಡಿಸುವವರು ‘ಇಲ್ಲ’ ಎನ್ನುತ್ತಾರೆ. ಅದು ಸುಳ್ಳಲ್ಲ, ದಾಶಿಯೂ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಹೊಳೆಯುವುದಿಲ್ಲ, ಅಷ್ಟೆ. ಆದ್ದರಿಂದ ‘ದಾಶಿಯಲ್ಲಿ ಕಾತ್ಸುವೊ ಇದೆಯೇ?’ ಎಂದೇ ಕೇಳಬೇಕು. ಈ ಪ್ರಶ್ನೆಯನ್ನೂ, ಮಾಂಸ, ಮೀನು, ಮೊಟ್ಟೆ ನಿಮಗೆ ಆಗದೆಂಬುದನ್ನೂ ಮಗನಿಂದ ಜಪಾನಿ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ.

ಬೌದ್ಧ ದೇಶದಲ್ಲಿ ಹೀಗೇಕೆ ಎಂದು ನೀವು ಕೇಳಬಹುದು. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದನಾದರೂ ಆ ಪಟ್ಟಿಯಲ್ಲಿ ಮೀನಿರಲಿಲ್ಲ. 1872ರಲ್ಲಿ ಮೆಯ್ಜಿ ಚಕ್ರವರ್ತಿ ದನದ ಮಾಂಸ ತಿಂದದ್ದು ಸುದ್ದಿಯಾಗಬೇಕಾದಷ್ಟು ಕಾಲ ಮಾಂಸಕ್ಕೆ ಒಂದಿಲ್ಲೊಂದು ಬಗೆಯ ಕಟ್ಟು ಇತ್ತು. ಮೀನಿಗೆ ಮಾತ್ರ ಅಡುಗೆಮನೆಯ ಬಾಗಿಲು ತೆರೆದೇ ಇತ್ತು.

ಹುರಿದ ತೋಫುವನ್ನು, ಅಂದರೆ ಸೋಯಾ ಹಾಲಿನ ಪನೀರನ್ನು, ಧೈರ್ಯವಾಗಿ ತರಿಸಿದರೆ ಅದರ ಮೇಲೆ ಬೂದುಗೆಂಪಿನ ತೆಳು ಚಕ್ಕೆಗಳು ಬಿಸಿ ಹಬೆಗೆ ಜೀವವಿದ್ದಂತೆ ಅಲುಗಾಡುತ್ತಿರುತ್ತವೆ. ಅವೂ ಆ ಮೀನಿನ ಹೆರೆತವೇ. ‘ಕರಿ ರೈಸ್’ ಎಂಬ ಹೆಸರು ಕಂಡು ನಮ್ಮದೇ ಎಂದು ನಂಬಬೇಡಿ. ಅಂಗಡಿಯಲ್ಲಿ ಸಿಗುವ ಅದರ ಮಸಾಲೆಗಟ್ಟಿಗಳಲ್ಲಿ ದನದ ಇಲ್ಲವೇ ಹಂದಿಯ ಕೊಬ್ಬು ಇರುವುದೇ ಹೆಚ್ಚು. ಪೊಟ್ಟಣಗಳ ಮೇಲಿನ ಅಲರ್ಜಿ ಸೂಚನೆಯನ್ನು ನೆಚ್ಚಿಕೊಂಡರೂ ಪ್ರಯೋಜನವಿಲ್ಲ. ಸಿಗಡಿ, ಏಡಿಗಳನ್ನು ಅಲ್ಲಿ ನಮೂದಿಸುವುದು ಕಡ್ಡಾಯ, ಕಾತ್ಸುವೊಗೆ ಆ ಕಡ್ಡಾಯವಿಲ್ಲ. ಸಾಮಗ್ರಿಗಳ ಪಟ್ಟಿಯನ್ನೇ ಓದಿಸಬೇಕು.

ಇನ್ನು ನೆಮ್ಮದಿಯಿಂದ ಉಣ್ಣಬಹುದಾದದ್ದು. ಕ್ಯೋಟೊವರೆಗೆ ಹೋಗುವವರು ಅಲ್ಲಿಂದ ವಕಾಯಾಮಾ ಪ್ರಾಂತದ ಕೋಯಾ ಪರ್ವತಕ್ಕೂ ಹೋಗಿ ಒಂದು ರಾತ್ರಿ ತಂಗಬೇಕೆಂಬುದು ನನ್ನ ಒತ್ತಾಯ. ಒಂಬತ್ತನೆಯ ಶತಮಾನದಲ್ಲಿ ಕೂಕಾಯ್ ಎಂಬ ಭಿಕ್ಷು ನೆಲೆಗೊಳಿಸಿದ ಆ ಕ್ಷೇತ್ರದ ಮಠಗಳಲ್ಲಿ ಯಾತ್ರಿಕರಿಗೆ ಕೋಣೆಯೂ, ‘ಶೋಜಿನ್ ರಿಯೋರಿ’ ಎಂಬ ಮಠದ ಊಟವೂ ದೊರೆಯುತ್ತವೆ. ಮಾಂಸ, ಮೀನುಗಳಿರಲಿ, ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯೂ ಅದರಲ್ಲಿಲ್ಲ; ದಾಶಿಯನ್ನು ಕೊಂಬು ಮತ್ತು ಒಣ ಶಿಟಾಕೆ ಅಣಬೆಯಿಂದ ತೆಗೆಯುತ್ತಾರೆ. ರುಚಿಗೆ ಅಷ್ಟೇ ಸಾಕು. 1908ರಲ್ಲಿ ಕಿಕುನಾಯೆ ಇಕೆಡಾ ಎಂಬ ರಸಾಯನ ವಿಜ್ಞಾನಿ ‘ಉಮಾಮಿ’ ರುಚಿಯ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿದ್ದು ಇದೇ ಕಡಲಸೊಪ್ಪಿನಿಂದ. ಎಳ್ಳು ರುಬ್ಬಿ, ಗೆಡ್ಡೆಯ ಹಿಟ್ಟು ಸೇರಿಸಿ ಕಾಸಿದ ಗೋಮಾ-ದೋಫು ಅಲ್ಲಿಯ ವಿಶೇಷ, ಬಿಡಬೇಡಿ.

ದಾರಿಯಲ್ಲಿ ಹಸಿವಾದರೆ ಉಪ್ಪಿನ ಅಥವಾ ಉಮೆಬೋಶಿ ಎಂಬ ಹುಳಿ ಉಪ್ಪಿನಕಾಯಿಯ ಒನಿಗಿರಿ, ಅಂದರೆ ಮುಕ್ಕೋನದ ಅನ್ನದ ಉಂಡೆ ಆದೀತು. ಕೆಲವು ತಯಾರಕರು ಉಪ್ಪಿನಕಾಯಿಗೂ ಕಾತ್ಸುವೊ ಬೆರೆಸುವುದರಿಂದ ಅದರ ಪಟ್ಟಿಯನ್ನೂ ಓದಿಸಿ. ಒನಿಗಿರಿಯ ಹೊದಿಕೆಯ ಮೇಲೆ 1, 2, 3 ಎಂದು ಅಂಕಿ ಇರುತ್ತದೆ. ಮೊದಲು ನೆತ್ತಿಯಿಂದ ಪಟ್ಟಿಯನ್ನು ಕೆಳಗೆಳೆದು, ಆಮೇಲೆ ಎರಡು ಮೂಲೆಗಳನ್ನು ಒಂದೊಂದಾಗಿ ಜಗ್ಗಿದರೆ ಅನ್ನಕ್ಕೆ ತಾಗದೆ ಗರಿಗರಿಯಾಗಿ ಉಳಿದಿದ್ದ ನೋರಿ ಎಂಬ ಕಡಲಸೊಪ್ಪಿನ ಹಾಳೆ ಆಗಷ್ಟೇ ಅದನ್ನು ಸುತ್ತಿಕೊಳ್ಳುತ್ತದೆ.

ಸಾಮಾನು ಹೊರುವ ಅಗತ್ಯವಿಲ್ಲ. ನಿಶಿ-ಕಸಾಯ್ ಭಾರತೀಯರು ನೆರೆದಿರುವ ಬಡಾವಣೆ. ತೊಗರಿಬೇಳೆ, ಸಾಸಿವೆಗೆ ಅಲ್ಲಿ ಬರವಿಲ್ಲ. ಚಟ್ನಿಪುಡಿಯೊಂದಿದ್ದರೆ ಸಾಕು. ಹಣ್ಣು, ಹಸಿ ಕರಿಬೇವುಗಳನ್ನು ಮಾತ್ರ ಕಟ್ಟಿಕೊಳ್ಳಲೇಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡಿಸುತ್ತಾರೆ. ಮಂಡಕ್ಕಿಯ ಊರಿನವರಾದ ನಿಮಗೆ, ಹುರಿದು ಅರಳಿಸಿದ ಅಕ್ಕಿ ಬೆರೆಸಿದ ಗೆನ್‌ಮೈಚಾ ಎಂಬ ಹಸಿರು ಚಹಾ ಹಿಡಿಸಬಹುದು.

ಪ್ರಶ್ನೆ: ಕಾಲೇಜಿನ ವಿನಿಮಯ ಕಾರ್ಯಕ್ರಮದಲ್ಲಿ ಜಪಾನಿ ಕುಟುಂಬವೊಂದರ ಮನೆಯಲ್ಲಿ ಉಳಿಯುವ ಅವಕಾಶ ಸಿಕ್ಕಿದೆ. ಕೈಯಲ್ಲಿ ಊಟ ಮಾಡಬಹುದೇ? ಮನೆಯೊಳಗೆ ಹೇಗೆ ನಡೆದುಕೊಳ್ಳಬೇಕು?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಸುಶಿ, ಒನಿಗಿರಿಗಳನ್ನು ಕೈಯಲ್ಲೇ ತಿನ್ನಬಹುದು, ಅನ್ನಕ್ಕೆ ಊಟದ ಕಡ್ಡಿಗಳೇ (ಚಾಪ್‌ಸ್ಟಿಕ್) ಬೇಕು. ಅಲ್ಲಿನ ಅಕ್ಕಿ ಅಂಟಾಗುವುದರಿಂದ ನೀವು ಅಂದುಕೊಂಡಷ್ಟು ಕಷ್ಟವಾಗದು. ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿಯುವುದು ಮರ್ಯಾದೆ, ಬಟ್ಟಲಿನತ್ತ ಬಾಗುವುದು ಅಲ್ಲ. ನೂಡಲ್ಸನ್ನು ಸೊರ್ರನೆ ಸದ್ದು ಮಾಡಿ ಎಳೆದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಸತ್ತವರ ಮುಂದಿಡುವ ಅನ್ನದಲ್ಲಿ ಹಾಗೆ ನಿಲ್ಲಿಸುತ್ತಾರೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಲೂಬಾರದು. ದಹನದ ಬಳಿಕ ಬಂಧುಗಳು ಅಸ್ಥಿಯನ್ನು ಎತ್ತುವುದು ಹಾಗೆ. ಸಾವಿನ ಮನೆಯ ಎಡೆಯನ್ನು ನೆನಪಿಸುವ ಯಾವುದನ್ನೂ ಊಟದ ಎಲೆಯ ಬಳಿ ಸಹಿಸದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಗಿಲ ಒಳಗಿನ ತಗ್ಗಿನಲ್ಲಿ ಚಪ್ಪಲಿ ಬಿಟ್ಟು, ಅವುಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು ಮೇಲೆ ಹತ್ತಬೇಕು. ಮನೆಯೊಳಗಿನ ಸ್ಲಿಪ್ಪರ್ ಹಲಗೆಯ ನೆಲಕ್ಕೆ ಮಾತ್ರ; ತತಾಮಿ ಚಾಪೆಯ ಮೇಲೆ ಅದೂ ಕೂಡದು. ಶೌಚಾಲಯಕ್ಕೆ ಬೇರೆಯೇ ಜೋಡಿ ಇರುತ್ತದೆ. ಹೊರಗಿನವರು ಅದನ್ನೇ ಮೆಟ್ಟಿಕೊಂಡು ಊಟದ ಕೋಣೆಗೆ ಬಂದುಬಿಡುವುದುಂಟು. ಸ್ನಾನದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ತೊಟ್ಟಿಯ ಹೊರಗೆ ಗಿಡ್ಡ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲಷ್ಟೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಅದೇ ನೀರಿನಲ್ಲಿ ಮನೆಮಂದಿ ಒಬ್ಬರಾದ ಮೇಲೊಬ್ಬರು ಕೂರುತ್ತಾರೆ. ಅತಿಥಿಯಾದ ನಿಮ್ಮನ್ನೇ ಮೊದಲು ಕಳಿಸಬಹುದು. ಮುಗಿದ ಮೇಲೆ ನೀರು ಬಿಟ್ಟುಬಿಡಬೇಡಿ.

ಪ್ರಶ್ನೆ: ಅಲ್ಲಿ ಚೌಕಾಸಿ ನಡೆಯುತ್ತದೆಯೇ? ಟಿಪ್ಸ್ ಎಷ್ಟು ಕೊಡಬೇಕು?
– ಕಿರಾಣಿ ವ್ಯಾಪಾರಿ, ಹರಿಹರ

ಉತ್ತರ: ಸಾಮಾನ್ಯವಾಗಿ ಎರಡೂ ಇಲ್ಲ. ಮೇಜಿನ ಮೇಲೆ ಹಣ ಬಿಟ್ಟು ಬಂದರೆ ಮರೆತಿರೆಂದು ಹಿಂದೆಯೇ ಓಡಿಬಂದು ಕೊಡುವುದುಂಟು. ದುಡ್ಡನ್ನು ಕೈಗೆ ಕೊಡದೆ ಗಲ್ಲೆಯ ಮುಂದಿರುವ ತಟ್ಟೆಯಲ್ಲಿಡಬೇಕು. ರೈಲಿನಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಜೇಬಿನಲ್ಲೊಂದು ಖಾಲಿ ಚೀಲ ಇರಲಿ. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ನಡೆದ ಸರೀನ್ ವಿಷಾನಿಲ ದಾಳಿಯ ಬಳಿಕ ಬೀದಿ, ನಿಲ್ದಾಣಗಳ ಕಸದ ಡಬ್ಬಿಗಳನ್ನು ಬಹುಮಟ್ಟಿಗೆ ತೆಗೆದುಬಿಟ್ಟಿದ್ದಾರೆ. ಪಾನೀಯ ಯಂತ್ರಗಳ ಪಕ್ಕದಲ್ಲಿ ಕಾಣುವ ಡಬ್ಬಿ ಖಾಲಿ ಬಾಟಲಿ ಮತ್ತು ಕ್ಯಾನುಗಳಿಗೆ ಮಾತ್ರ.