ಎರಡು ದಿನ ಮಾಡಿದ ಹೃದಯದ ಸ್ಪೆಕ್ಟ್ ಸ್ಕ್ಯಾನ್‌ಗೆ 78451 ಬಿಲ್ಲಿಂಗ್ ಕೋಡ್ ಎರಡು ಸಲ ಹಾಕಬಹುದಾ?

ಹಾಕಬಾರದು. 76 ಮಾಡಿಫೈಯರ್ (ಕೋಡ್ ಪಕ್ಕ ಸೇರಿಸುವ ಗುರುತು) ಹಾಕಿ ಮತ್ತೆ ಕಳಿಸು ಅಂತ ನಿಮ್ಮ ಟೀಮ್ ಲೀಡ್ ಹೇಳಿದ್ದಾರಲ್ಲ, ಅದನ್ನಂತೂ ಮಾಡಲೇಬೇಡಿ.

ನೀವು ಬರೆದದ್ದು ಇಷ್ಟು: ಪೇಷಂಟ್ ತೂಕ ಜಾಸ್ತಿ, ಅದಕ್ಕೇ ಸೋಮವಾರ ಸ್ಟ್ರೆಸ್ (ಹೃದಯಕ್ಕೆ ಶ್ರಮ ಕೊಟ್ಟು), ಮಂಗಳವಾರ ರೆಸ್ಟ್ (ವಿಶ್ರಾಂತಿಯಲ್ಲಿ) ಚಿತ್ರ ತೆಗೆದಿದ್ದಾರೆ. ನೀವು ದಿನಕ್ಕೊಂದರಂತೆ 78451 ಹಾಕಿದಿರಿ. ಪ್ರೈವೇಟ್ ಇನ್ಶೂರೆನ್ಸ್‌ನವರು ಎರಡನೆಯದನ್ನು ಡಿನೈ ಮಾಡಿದರು. ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಾರ್ಡಿಯಾಲಜಿ ಚಾರ್ಟ್‌ಗಳನ್ನೇ ಕೋಡ್ ಮಾಡುವವನು, ಇದು ನನ್ನ ಟೇಬಲ್‌ಗೆ ಆಗಾಗ ಬರುತ್ತಲೇ ಇರುತ್ತದೆ.

ಇಲ್ಲಿ ದಿನ ಎಣಿಸಬೇಡಿ, ಸ್ಟಡಿ ಎಣಿಸಿ. 78451 ಅಂದರೆ ಒಂದೇ ಸ್ಟಡಿ, ಬರೀ ರೆಸ್ಟ್ ಅಥವಾ ಬರೀ ಸ್ಟ್ರೆಸ್. ಎರಡೂ ಆಗಿದ್ದರೆ 78452, ಅದೂ ಒಂದೇ ಸಲ. ಡಾಕ್ಟರ್ ಎರಡೂ ದಿನದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಸ್ಟ್ರೆಸ್‌ನಲ್ಲಿ ರಕ್ತ ಕಡಿಮೆ ಹೋದ ಜಾಗಕ್ಕೆ ರೆಸ್ಟ್‌ನಲ್ಲಿ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡಿ ಒಂದೇ ರಿಪೋರ್ಟ್ ಬರೆಯುತ್ತಾರೆ, ಅಲ್ವಾ? ಹಾಗಾಗಿ ಅದು ಎರಡು ದಿನಕ್ಕೆ ಹರಡಿದ ಒಂದೇ ಪರೀಕ್ಷೆ. 76 ಇರುವುದು ಅದೇ ಡಾಕ್ಟರ್ ಅದೇ ಪ್ರೊಸೀಜರ್ ಅನ್ನು ಮತ್ತೊಮ್ಮೆ ಮಾಡಿದಾಗ. ಇಲ್ಲಿ ಯಾವುದೂ ಮತ್ತೊಮ್ಮೆ ಆಗಿಲ್ಲ.

ಉಲ್ಟಾ ಕೇಸೂ ಬರುತ್ತದೆ, ಹುಷಾರು. ಮೊದಲು ಸ್ಟ್ರೆಸ್ ಮಾಡುತ್ತಾರೆ, ಚಿತ್ರ ನಾರ್ಮಲ್ ಬರುತ್ತದೆ, ರೆಸ್ಟ್ ಬೇಡ ಅಂತ ಪೇಷಂಟ್‌ನ ಮನೆಗೆ ಕಳಿಸುತ್ತಾರೆ. ಆರ್ಡರ್‌ನಲ್ಲಿ 78452 ಇರುತ್ತದೆ, ಆಥರೈಸೇಶನ್ ಕೂಡ ಅದಕ್ಕೇ ಸಿಕ್ಕಿರುತ್ತದೆ. ಆದರೂ ನೀವು ಹಾಕಬೇಕಾದ್ದು 78451. ಆರ್ಡರ್ ನೋಡಿ ಕೋಡ್ ಮಾಡುವವರು ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಇಜೆಕ್ಷನ್ ಫ್ರ್ಯಾಕ್ಷನ್, ವಾಲ್ ಮೋಶನ್ (ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತದೆ, ಅದರ ಗೋಡೆ ಹೇಗೆ ಅಲುಗುತ್ತದೆ) ಅಂತ ರಿಪೋರ್ಟ್‌ನಲ್ಲಿ ಕಂಡ ಕೂಡಲೇ ಬೇರೆ ಕೋಡ್ ಹುಡುಕಬೇಡಿ. 2010ಕ್ಕೆ ಮುಂಚೆ ಅದಕ್ಕೆ 78478, 78480 ಅಂತ ಆಡ್-ಆನ್ ಇದ್ದವು. ಈಗ ಎಲ್ಲಾ 78452ರ ಒಳಗೇ ಬಂತು.

ಟ್ರೇಸರ್, ಅಂದರೆ ಚಿತ್ರಕ್ಕಾಗಿ ಕೊಡುವ ವಿಕಿರಣಶೀಲ ಔಷಧಿ, ಮಾತ್ರ ಬೇರೆ ಲೆಕ್ಕ. ಕ್ಲಿನಿಕ್‌ನವರೇ ಔಷಧಿ ಕೊಂಡು ಕೊಟ್ಟಿದ್ದರೆ ಸೆಸ್ಟಮಿಬಿಗೆ ಎ9500, ಟೆಟ್ರೋಫಾಸ್ಮಿನ್‌ಗೆ ಎ9502. ಇವು ಸ್ಟಡಿ ಡೋಸ್‌ಗೆ ಒಂದು ಯೂನಿಟ್, ಆದ್ದರಿಂದ ನಿಮ್ಮ ಪೇಷಂಟ್‌ಗೆ ಎರಡು ಯೂನಿಟ್. ಸ್ಕ್ಯಾನ್ ಕೋಡ್ ಒಂದು, ಟ್ರೇಸರ್ ಎರಡು, ಇದೇನು ಹೀಗೆ ಅಂತ ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ಥ್ಯಾಲಿಯಮ್ ಆದರೆ ಎ9505, ಅದಕ್ಕೆ ಮಿಲಿಕ್ಯೂರಿ ಲೆಕ್ಕ.

ಟ್ರೆಡ್‌ಮಿಲ್ ಬದಲು ರೆಗಡೆನೋಸನ್ ಇಂಜೆಕ್ಷನ್ ಕೊಟ್ಟು ಸ್ಟ್ರೆಸ್ ಮಾಡಿದ್ದರೆ ಜೆ2785. ಒಂದು ಯೂನಿಟ್ ಅಂದರೆ 0.1 ಮಿಲಿಗ್ರಾಂ, ಕೊಡುವ ಡೋಸ್ 0.4, ಅಂದರೆ ನಾಲ್ಕು ಯೂನಿಟ್. ಒಂದೇ ಯೂನಿಟ್ ಹಾಕಿ ಕ್ಲಿನಿಕ್‌ಗೆ ದುಡ್ಡು ಕಳೆಯುವವರು ಈಗಲೂ ಇದ್ದಾರೆ. ಅಡೆನೋಸಿನ್ ಆದರೆ ಜೆ0153, ಮಿಲಿಗ್ರಾಂಗೆ ಒಂದು ಯೂನಿಟ್. ಅದು ತೂಕ ನೋಡಿ ಕೊಡುವ ಔಷಧಿ, ಹಾಗಾಗಿ ವೈಲ್‌ನಲ್ಲಿ ಮಿಕ್ಕುತ್ತದೆ. 90 ಮಿಲಿಗ್ರಾಂ ವೈಲ್‌ನಲ್ಲಿ 60 ಕೊಟ್ಟು 30 ಎಸೆದರೆ ಮೆಡಿಕೇರ್‌ಗೆ (ಅಮೆರಿಕದ ಸರ್ಕಾರಿ ವಿಮೆ) 60 ಒಂದು ಸಾಲು, 30 ಇನ್ನೊಂದು ಸಾಲಿನಲ್ಲಿ, ಎಸೆದದ್ದಕ್ಕೆ ಹಾಕುವ ಜೆಡಬ್ಲ್ಯೂ ಮಾಡಿಫೈಯರ್ ಜೊತೆ. ಏನೂ ಮಿಕ್ಕದಿದ್ದರೆ ಜೆಝಡ್, 2023ರ ಜುಲೈನಿಂದ ಅದು ಕಡ್ಡಾಯ. ಈ ಇಂಜೆಕ್ಷನ್ ಕೊಟ್ಟಿದ್ದಕ್ಕೆ ಅಂತ 96374 ಸೇರಿಸಬೇಡಿ, ಸ್ಟ್ರೆಸ್ ಟೆಸ್ಟ್‌ನಲ್ಲೇ ಅದು ಸೇರಿದೆ.

ಸ್ಟ್ರೆಸ್ ಟೆಸ್ಟ್ ಕೋಡ್‌ಗಳಲ್ಲಿ ಜಾಸ್ತಿ ಗೊಂದಲ. ಡಾಕ್ಟರ್‌ದೇ ಕ್ಲಿನಿಕ್, ಮೆಷಿನ್ನೂ ಅವರದ್ದೇ ಆದರೆ 78452 ಮಾಡಿಫೈಯರ್ ಇಲ್ಲದೆ, ಜೊತೆಗೆ ಇಡೀ ಸ್ಟ್ರೆಸ್ ಟೆಸ್ಟ್‌ಗೆ 93015. ಆಸ್ಪತ್ರೆಯಲ್ಲಿ ಮಾಡಿದ್ದರೆ ಡಾಕ್ಟರ್ ಪರವಾಗಿ 78452ಕ್ಕೆ 26 ಮಾಡಿಫೈಯರ್ (ಡಾಕ್ಟರ್ ಕೆಲಸ ಮಾತ್ರ ಅಂತ) ಹಾಕಿ, ಆದರೆ 93015ಕ್ಕೆ 26 ಹಾಕಬೇಡಿ, ಯಾಕೆಂದರೆ ಅದನ್ನು ಒಡೆಯಲು ಬೇರೆ ನಂಬರ್‌ಗಳೇ ಇವೆ. ಪಕ್ಕದಲ್ಲಿ ನಿಂತು ನೋಡಿಕೊಂಡಿದ್ದಕ್ಕೆ 93016, ಇಸಿಜಿ ಓದಿ ರಿಪೋರ್ಟ್ ಬರೆದಿದ್ದಕ್ಕೆ 93018, ಟ್ರೇಸಿಂಗ್ 93017 ಆಸ್ಪತ್ರೆಯ ಪಾಲು. ನೋಡಿಕೊಂಡವರು ಬೇರೆ ಡಾಕ್ಟರ್ ಆಗಿದ್ದರೆ ನಿಮ್ಮವರಿಗೆ 93018 ಮಾತ್ರ. ಅದಕ್ಕೂ ಇಸಿಜಿ ಹೇಗಿತ್ತು ಅಂತ ರಿಪೋರ್ಟ್‌ನಲ್ಲಿ ಬರೆದಿರಬೇಕು. ಚಿತ್ರದ ಬಗ್ಗೆ ಒಂದು ಪುಟ ಬರೆದು ಇಸಿಜಿ ಬಗ್ಗೆ ಒಂದು ಸಾಲೂ ಬರೆಯದ ಡಾಕ್ಟರ್‌ಗಳು ಇದ್ದಾರೆ, ಅಂಥ ಚಾರ್ಟ್ ಬಂದರೆ ಕ್ವೆರಿ ಹಾಕಿ, ನೀವಾಗೇ ಊಹಿಸಬೇಡಿ.

ಡಯಾಗ್ನೋಸಿಸ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಕ್ಲೇಮ್‌ನಲ್ಲಿ ಐ25.10, ಅಂದರೆ ಹೃದಯದ ರಕ್ತನಾಳದ ಕಾಯಿಲೆಯ (ಸಿಎಡಿ) ಕೋಡ್, ಕಾಣಿಸಿತು. ಆರ್ಡರ್‌ನಲ್ಲಿ ಇರುವುದು ‘ರೂಲ್ ಔಟ್ ಸಿಎಡಿ’, ಅಂದರೆ ಆ ಕಾಯಿಲೆ ಇಲ್ಲವಾ ನೋಡಿ, ಅಂತ ನೀವೇ ಬರೆದಿದ್ದೀರಿ. ಔಟ್‌ಪೇಷಂಟ್‌ನಲ್ಲಿ ಅನುಮಾನವನ್ನು ಕಾಯಿಲೆ ಅಂತ ಕೋಡ್ ಮಾಡುವ ಹಾಗಿಲ್ಲ. ರಿಪೋರ್ಟ್‌ನಲ್ಲಿ ಖಚಿತವಾಗದಿದ್ದರೆ ಎದೆನೋವಿಗೆ ಆರ್07.9, ಇಸಿಜಿ ಸರಿ ಇಲ್ಲ ಅಂತ ಕಳಿಸಿದ್ದರೆ ಆರ್94.31. ಸುಮ್ನೆ ಐ25.10 ಹಾಕಿದರೆ ಇಲ್ಲದ ಹೃದ್ರೋಗ ಆ ಪೇಷಂಟ್‌ನ ದಾಖಲೆಗೆ ಅಂಟಿಕೊಳ್ಳುತ್ತದೆ. ನನ್ನ ಪ್ರಕಾರ ಡಿನಯಲ್‌ಗಿಂತ ಇದೇ ದೊಡ್ಡ ತಪ್ಪು.

ಈಗ ಮಾಡಬೇಕಾದ್ದು: ಎರಡೂ 78451 ತೆಗೆದು 78452 ಒಂದು ಹಾಕಿ. ಯಾವ ದಿನದ ತಾರೀಖು ಅನ್ನುವುದಕ್ಕೆ ಆ ಇನ್ಶೂರೆನ್ಸ್ ಕಂಪನಿಯ ಬಿಲ್ಲಿಂಗ್ ಪಾಲಿಸಿ ತೆಗೆದು ನೋಡಿ. ಹೊಸ ಕ್ಲೇಮ್ ಅಂತ ಕಳಿಸಿದರೆ ಡೂಪ್ಲಿಕೇಟ್ ಅಂತ ವಾಪಸ್ ಬರುತ್ತದೆ. ಕರೆಕ್ಟೆಡ್ ಕ್ಲೇಮ್ ಅಂತಲೇ ಕಳಿಸಿ: ಕ್ಲೇಮ್ ಫಾರ್ಮ್‌ನ 22ನೇ ಬಾಕ್ಸ್‌ನಲ್ಲಿ 7, ಪಕ್ಕದಲ್ಲಿ ಹಳೇ ಕ್ಲೇಮ್ ನಂಬರ್.