ಶಾಲೆ ಬದಲಿಸುವ ಮೊದಲು

ಓದುಗರೊಬ್ಬರ ಪತ್ರ ಹೀಗಿದೆ: "ಐದು ವರ್ಷದ ಮಗಳು ಮನೆಯಲ್ಲಿ ಗಂಟೆಗಟ್ಟಲೆ ಕೂತು ಬ್ಲಾಕ್ಸ್ ಜೋಡಿಸುತ್ತಾಳೆ. ಶಾಲೆಯಲ್ಲಿ ಮಾತ್ರ ಯಾವುದರಲ್ಲೂ ಮನಸ್ಸಿಲ್ಲವಂತೆ. ಮಾಂಟೆಸ್ಸರಿಗೆ ಹಾಕಿದರೆ ಸರಿಹೋಗುತ್ತಾ?"

ಸಂಪಾದಕರ ಉತ್ತರ:

ನಿಮ್ಮ ಮಗಳಿಗೆ ಮನಸ್ಸಿಟ್ಟು ಕೂರುವುದು ಗೊತ್ತಿದೆ, ಅಲ್ವಾ? ಹಾಗಾದರೆ ಶಾಲೆಯಲ್ಲಿ ಅದಕ್ಕೆ ಏನು ಅಡ್ಡ ಬರುತ್ತಿದೆ ಅಂತ ಮೊದಲು ನೋಡಬೇಕು. ಎಷ್ಟೋ ಕಡೆ ಮಗು ಒಂದು ಕೆಲಸದಲ್ಲಿ ಮುಳುಗುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ.

ಮಾಂಟೆಸ್ಸರಿ ಪದ್ಧತಿ ಹುಟ್ಟುಹಾಕಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ ತೆರೆದರು. ತಾವೇ ಆರಿಸಿಕೊಂಡ ಕೆಲಸವನ್ನು ಮಕ್ಕಳು ಯಾರೂ ಹೇಳದೆಯೇ ಮತ್ತೆ ಮತ್ತೆ ಮಾಡುವುದನ್ನು ಅವರು ಅಲ್ಲಿ ಗಮನಿಸಿದರು. ಅದಕ್ಕೇ ಈ ಪದ್ಧತಿಯನ್ನು ಸರಿಯಾಗಿ ಪಾಲಿಸುವ ಕಡೆ ಬೆಳಗಿನ ಹೊತ್ತು ಸುಮಾರು 3 ಗಂಟೆ ಕಾಲ ಮಕ್ಕಳದ್ದೇ. ನಡುವೆ ಯಾರೂ ಕೆಲಸದಿಂದ ಎಬ್ಬಿಸುವುದಿಲ್ಲ. ಆದರೆ ಮಾಂಟೆಸ್ಸರಿ ಅಂತ ಬೋರ್ಡ್ ಹಾಕಿಕೊಳ್ಳಲು ಯಾರ ಒಪ್ಪಿಗೆಯೂ ಬೇಕಿಲ್ಲ. ಹಾಗಾಗಿ ಬೋರ್ಡ್ ನಂಬಬೇಡಿ. ಅನುಮತಿ ಕೇಳಿ ತರಗತಿಯ ಹಿಂಬದಿಯಲ್ಲಿ ಒಂದು ಗಂಟೆ ಕೂತು ನೋಡಿ. ಕೆಲಸದಲ್ಲಿ ಮುಳುಗಿರುವ ಮಗುವನ್ನು ಟೀಚರ್ ಎಷ್ಟು ಸಲ ತಡೆಯುತ್ತಾರೆ? ಸುಮ್ನೆ "ವೆರಿ ಗುಡ್" ಅಂದರೂ ತಡೆದ ಹಾಗೇ.

ಸ್ಟಾರ್, ಸ್ಟಿಕ್ಕರ್ ಜಾಸ್ತಿ ಹಂಚುತ್ತಾರಾ ಅಂತಲೂ ಗಮನಿಸಿ. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಅಮೆರಿಕದ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿ, ಹಾಗೇ ಕೊಟ್ಟರು. ಸ್ವಲ್ಪ ದಿನ ಬಿಟ್ಟು ನೋಡಿದಾಗ, ಆ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸುವ ಹೊತ್ತು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಬಹುಮಾನ ಹೀಗೆ ಮಾಡಲಿಲ್ಲ. ಇಷ್ಟದ ಕೆಲಸಕ್ಕೆ ಕೂಲಿ ಗೊತ್ತುಮಾಡಿದ್ದೇ ತೊಂದರೆಯಾಯಿತು.

ಇನ್ನೊಂದು ಪರ್ಯಾಯ ಪದ್ಧತಿಯಾದ ವಾಲ್ಡಾರ್ಫ್ ಶಾಲೆಗಳ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಅಲ್ಲಿ ಓದು ಬರಹ ಕಲಿಸುವುದು ಆರೇಳು ವರ್ಷದ ನಂತರವೇ. ಪಕ್ಕದ ಮನೆ ಮಗು ಓದುವುದನ್ನು ಕಂಡು ನಿಮಗೆ ನಿದ್ದೆ ಬಾರದಿದ್ದರೆ ಆ ಕಡೆ ಹೋಗಬೇಡಿ.

ಇದಕ್ಕೆಲ್ಲ ಮೊದಲು ಈಗಿನ ಟೀಚರ್ ಜೊತೆ ಮಾತಾಡಿ. "ಯಾಕೆ ಮನಸ್ಸಿಲ್ಲ" ಅಂತ ಕೇಳಬೇಡಿ. ದಿನದ ಯಾವ ಹೊತ್ತಿನಲ್ಲಿ ಅವಳ ಮುಖ ಅರಳುತ್ತದೆ ಅಂತ ಕೇಳಿ. ಕಥೆಯ ಹೊತ್ತಿನಲ್ಲೋ, ಮಣ್ಣಿನಾಟದಲ್ಲೋ? ಅದಕ್ಕೇ ಇನ್ನೊಂದು ಹತ್ತು ನಿಮಿಷ ಕೊಡಲಾಗುತ್ತಾ ಅಂತ ವಿಚಾರಿಸಿ. ಆದರೆ ಬೆಳಿಗ್ಗೆ ಹೊರಡುವಾಗ ದಿನವೂ ಅಳು, ಹೊಟ್ಟೆನೋವು ಅಂತಿದ್ದರೆ ಅದು ಭಯವಿರಬಹುದು. ಆಗ ಪದ್ಧತಿಯ ಮಾತು ಬದಿಗಿಡಿ. ಏನಕ್ಕೆ, ಯಾರಿಗೆ ಹೆದರುತ್ತಿದ್ದಾಳೆ ಅನ್ನುವುದನ್ನು ಈ ವಾರವೇ ತಿಳಿದುಕೊಳ್ಳಿ.